ಹಂಡೆಗೆ ಬೀಳದ ಬಟ್ಟೆ

ತೆಕ್ಲಾಳ ಕೈಗಳು ಮೊಣಕೈವರೆಗೆ ಕಪ್ಪು. ಸೋಪು, ಬೂದಿ, ಮರಳು ಯಾವುದಕ್ಕೂ ಬಗ್ಗದ ಕಪ್ಪು. ಜಮೀನ್ದಾರರ ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ಇಂಥ ಕೈ ಇದ್ದರೆ ನೆಂಟರಿಷ್ಟರು ಮುಖ ತಿರುಗಿಸುತ್ತಾರೆ, ತಿರುಗಿಸಿದ್ದರು ಕೂಡ. ಆದರೂ ಚರ್ಚಿಗೆ ಹೋದಾಗ ಅವಳು ಕೈಗವಸು ತೆಗೆದಿಟ್ಟು, ಎಲ್ಲರಿಗೂ ಕಾಣುವಂತೆಯೇ ಕೈ ಜೋಡಿಸುತ್ತಿದ್ದಳು. ನನ್ನ ರೊಟ್ಟಿ ನಾನು ದುಡಿದು ತಿನ್ನುತ್ತೇನೆ, ಬೇಕಾದರೆ ನೋಡಿಕೊಳ್ಳಿ ಎನ್ನುವ ಸೊಕ್ಕು ಅದರಲ್ಲಿತ್ತು. ದುಡಿಯುವವರಿಗೆ ಅಷ್ಟು ಸೊಕ್ಕಾದರೂ ಬೇಡವೇ?

ವಾರ್ಸಾ ಪಟ್ಟಣದಲ್ಲಿ, ವಿಸ್ತುಲಾ ನದಿಗೆ ಇಳಿಯುವ ಬೆದ್ನಾರ್ಸ್ಕಾ ಬೀದಿಯ ಕೆಳತುದಿಯಲ್ಲಿ ಅವಳ ಬಣ್ಣದ ಅಂಗಡಿ. ಬಣ್ಣದ ಅಂಗಡಿ ಎಂದು ಹೆಸರಿಗೆ ಮಾತ್ರ. ಅಲ್ಲಿ ಹಾಕುತ್ತಿದ್ದದ್ದು ಒಂದೇ ಬಣ್ಣ. ರಷ್ಯಾದ ಚಕ್ರವರ್ತಿಯ ಕಾಲ ಕೆಳಗೆ ದೇಶ ನರಳುತ್ತಿರುವಾಗ ಬಣ್ಣದ ಬಟ್ಟೆ ಉಡುವುದು ನಾಚಿಕೆಗೇಡು ಎಂದು ಊರಿನ ಹೆಂಗಸರೆಲ್ಲ ಸೂತಕ ಹಿಡಿದವರಂತೆ ಕಪ್ಪುಟ್ಟಿದ್ದರು. ಕೆಂಪು ಹಳದಿ ಉಟ್ಟು ಬೀದಿಗಿಳಿದವಳ ಬೆನ್ನಿಗೆ ಯಾರಾದರೂ ಶಾಯಿ ಎರಚದೆ ಬಿಡುತ್ತಿರಲಿಲ್ಲ. ಗಂಡಸರು ಬಂಡೆದ್ದು ಕಾಡು ಸೇರಿದರು, ಸೋತರು, ಕೆಲವರು ನೇಣಿಗೆ, ಕೆಲವರು ಸೈಬೀರಿಯಾಕ್ಕೆ. ಆಮೇಲೆ ಸರ್ಕಾರ ಕಪ್ಪುಟ್ಟವರಿಗೆ ದಂಡ ಹಾಕಿತು. ಮನೆಯಲ್ಲಿ ನಿಜವಾಗಿ ಸಾವಾಗಿದ್ದರೆ ಮಾತ್ರ ಕಪ್ಪಿಗೆ ಅಪ್ಪಣೆ. ಸಾವಾಗದ ಮನೆ ಯಾವುದಿತ್ತು? ಅಂಗಡಿಯ ಹಂಡೆ ಆರಲೇ ಇಲ್ಲ.

ತೆಕ್ಲಾಳ ಅಣ್ಣ ಸೈಬೀರಿಯಾದಲ್ಲಿದ್ದ. ಜಮೀನು ಸರ್ಕಾರದ ಪಾಲಾಗಿತ್ತು. ಅವಳಿಗೆ ಉಳಿದಿದ್ದ ದಾರಿ ಎರಡೇ: ಒಂದು ಈ ಹಂಡೆ, ಇನ್ನೊಂದು ಹಳ್ಳಿಯಲ್ಲಿದ್ದ ದೊಡ್ಡಮ್ಮನ ಬಂಗಲೆ. ಆ ಬಂಗಲೆಯಲ್ಲಿ ಹಿಂದೆ ಒಂದು ಚಳಿಗಾಲ ಕಳೆದು ಬಂದಿದ್ದಳು. ಊಟದ ಮೇಜಿನ ತುದಿಯಲ್ಲಿ ಕೂರಬೇಕು, ದೊಡ್ಡಮ್ಮನ ನಾಯಿಯ ಕೂದಲು ಬಾಚಬೇಕು, ಅತಿಥಿಗಳ ಹಾಸ್ಯಕ್ಕೆ ಈಡಾಗಬೇಕು, ಎಲ್ಲಕ್ಕೂ ಕೊನೆಗೆ ಕೈಗೆ ಮುತ್ತಿಟ್ಟು ಉಪಕಾರ ನೆನೆಯಬೇಕು. ಹಂಗಿನ ಅನ್ನ ಗಂಟಲಲ್ಲಿ ಹೇಗೆ ಇಳಿಯುತ್ತದೆ ಎಂದು ಉಂಡವರಿಗೇ ಗೊತ್ತು. ಮತ್ತೆ ಅಲ್ಲಿಗೆ ಹೋಗುವುದಕ್ಕಿಂತ ಹಂಡೆಗೇ ಹಾರಿಕೊಳ್ಳುತ್ತೇನೆ ಎಂದು ಅವಳು ಹೇಳುತ್ತಿದ್ದಳು, ಅದು ಬರೀ ಮಾತಾಗಿರಲಿಲ್ಲ.

ಅಂಗಡಿಯ ಇನ್ನೊಂದು ಕೈ ಬಲ್ಬಿನಾ, ಅವಳೂ ಜಮೀನ್ದಾರರ ಮಗಳೇ. ಇಬ್ಬರೂ ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಕಂಬಳಿ ಹೊದ್ದು ಬೆಳೆದವರು. ತೆಕ್ಲಾ ಬಣ್ಣ ಹಾಕುವಳು, ಬಲ್ಬಿನಾ ಬಿಚ್ಚಿ ಹೊಲಿಯುವಳು. ಆದರೆ ಗಿರಾಕಿಗಳು ಬರುತ್ತಿದ್ದದ್ದು ತೆಕ್ಲಾಳ ಬಣ್ಣಕ್ಕೂ ಅಲ್ಲ, ಬಲ್ಬಿನಾಳ ಸೂಜಿಗೂ ಅಲ್ಲ. ಬಲ್ಬಿನಾ ವೀರನೊಬ್ಬನ ಮದುಮಗಳು. ಅವಳೊಂದಿಗೆ ಮದುವೆ ನಿಶ್ಚಯವಾಗಿದ್ದ ವಿಕ್ತೋರಿನ್ ಕಾಡಿನಲ್ಲಿ ರಷ್ಯಾದವರ ಗುಂಡಿಗೆ ಸತ್ತಿದ್ದ. ಅವನ ತಾಯಿ ಪೆತ್ರೊನೆಲಾ ಅಮ್ಮನವರು ಊರಿಗೇ ದೊಡ್ಡವರು. ಸೆರೆಯಲ್ಲಿದ್ದವರಿಗೆ ಬುತ್ತಿ ಒಯ್ಯುವ ಹೆಂಗಸರ ಗುಂಪಿಗೆಲ್ಲ ಅವರೇ ಯಜಮಾನಿ. ಅವರ ತೋಳು ಹಿಡಿದು ಕಪ್ಪು ಮುಸುಕಿನ ಬಲ್ಬಿನಾ ಚರ್ಚಿಗೆ ನಡೆದರೆ ಜನ ದಾರಿ ಬಿಡುತ್ತಿದ್ದರು, ಮುದುಕರು ಟೋಪಿ ತೆಗೆಯುತ್ತಿದ್ದರು. ಅವಳ ಕೈಯಲ್ಲಿ ಹೊಲಿಸಿದ ಕಪ್ಪು ಬಟ್ಟೆ ಅಂದರೆ ದೇಶದ ಕೈಯಲ್ಲಿ ಹೊಲಿಸಿದಂತೆ ಎಂದು ಊರಿನ ಹೆಂಗಸರು ನಂಬಿದ್ದರು.

ನಿಜ ಬೇರೆಯೇ ಇತ್ತು. ವಿಕ್ತೋರಿನ್ ಕಾಡಿಗೆ ಹೊರಡುವ ಮುಂಚೆಯೇ ಬಲ್ಬಿನಾ ಉಂಗುರ ಬಿಚ್ಚಿ ಅವನ ಕೈಗೆ ಕೊಟ್ಟಿದ್ದಳು. ಸ್ವಾತಂತ್ರ್ಯ ಬಂದ ಮೇಲೆ ಓದು-ಗೀದು ಬಿಟ್ಟು ತನ್ನ ತಾಯಿ ಹಾಕಿದ ಗೆರೆ ದಾಟದಂತೆ ಮನೆಯಲ್ಲಿರಬೇಕು ಎಂದು ಅವನು ಹೇಳಿದ್ದ. "ದೇಶಕ್ಕೆ ಸ್ವಾತಂತ್ರ್ಯವಂತೆ, ನನಗೆ ಬೀಗವಂತೆ" ಎಂದು ಅವಳು ಆವತ್ತೇ ಬಂದು ತೆಕ್ಲಾಳ ಮಡಿಲಲ್ಲಿ ಅತ್ತಿದ್ದಳು. ಬೇರೆ ಯಾರಿಗೂ ಹೇಳುವ ಮೊದಲೇ ಅವನು ಸತ್ತ ಸುದ್ದಿ ಬಂತು. ಮಗನನ್ನು ಕಳಕೊಂಡ ತಾಯಿ ಓಡಿಬಂದು ತಬ್ಬಿಕೊಂಡಾಗ, ನಾನು ನಿಮ್ಮ ಸೊಸೆಯಾಗುವವಳಲ್ಲ ಎಂದು ಯಾವ ಬಾಯಿಂದ ಹೇಳುವುದು? ಬಲ್ಬಿನಾ ಸುಮ್ಮನಿದ್ದಳು. ಆಮೇಲೆ ಅಂಗಡಿಗೆ ಗಿರಾಕಿಗಳು ಬರತೊಡಗಿದರು. ಆಗ ತೆಕ್ಲಾಳೂ ಸುಮ್ಮನಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ, ಒಂದು ವಸಂತದ ಬೆಳಿಗ್ಗೆ ಬಲ್ಬಿನಾ ಬೀಟ್‌ರೂಟ್ ಸಾರಿಗೆ ರೊಟ್ಟಿ ಅದ್ದುತ್ತಾ, ಹವೆಯ ಬಗ್ಗೆ ಮಾತಾಡಿದಷ್ಟು ಸಲೀಸಾಗಿ ಹೇಳಿದಳು:

"ನಾನು ಸೂಲಗಿತ್ತಿ ಶಾಲೆಗೆ ಸೇರ್ತೀನಿ ಕಣೇ."

ತೆಕ್ಲಾ ನಕ್ಕಳು. "ಮದುವೆಯಾಗದ ಹುಡುಗಿ ಸೂಲಗಿತ್ತಿ! ಊರು ಏನನ್ನುತ್ತೆ?"

"ಊರು ಅನ್ನೋದನ್ನೆಲ್ಲ ಕೇಳಿಸ್ಕೊಂಡು ಮೂರು ವರ್ಷ ಹೆಣ ಕಾದಿದ್ದೀನಿ. ಸಾಕು."

"ಹಾಗನ್ನಬೇಡ."

"ಹೆಣಾನೂ ನಂದಲ್ಲ. ಹೋಗ್ಲಿ ಬಿಡು, ಪಾಪ, ಸತ್ತವನ ಮೇಲೆ ನಂಗೇನೂ ಸಿಟ್ಟಿಲ್ಲ. ಶಾಲೆಯವರು ಒಂದೇ ಮಾತು ಹೇಳಿದ್ರು, ಕಪ್ಪು ಬಿಟ್ಟು ಬಾ ಅಂತ."

ಮೂಲೆಯಲ್ಲಿ ಹಂಡೆ ತಿರುವುತ್ತಿದ್ದ ಮುದುಕಿ ಅಗಾತಾ ಸೌಟಿನಂಥ ದೊಡ್ಡ ಕೋಲನ್ನು ನಿಲ್ಲಿಸಿದಳು. ಅಂಗಡಿಯ ಹಿಂದಿನ ಕೋಣೆಯಲ್ಲೇ, ಬಟ್ಟೆ ಒಗೆಯುವ ಮಗಳು ಯೂಲ್ಕಾಳೊಂದಿಗೆ ಅವಳ ವಾಸ. "ಅದು ಸರಿ ಅಮ್ಮಾವ್ರೇ. ಹೆರಿಗೆ ಕೋಣೆಗೆ ಕಪ್ಪುಟ್ಟವರು ಕಾಲಿಟ್ರೆ ಮಗು ಕಣ್ಣು ಬಿಡೋಕೆ ಮೊದಲೇ ಮುಚ್ಚಿಬಿಡುತ್ತೆ. ನಮ್ಮ ನದಿ ದಂಡೆ ಕಡೆ ಯಾರೂ ಬಿಟ್ಕೊಳ್ಳಲ್ಲ. ಬಿಷಪ್ಪೇ ಬಂದ್ರೂ ಅಂಗಿ ಬಿಚ್ಚಿ ಬಾ ಅಂತೀವಿ."

"ನೀನು ಹಂಡೆ ನೋಡು" ಎಂದಳು ತೆಕ್ಲಾ.

"ಹಂಡೇಲಿ ಏನಿದೆ ನೋಡೋಕೆ, ಕಪ್ಪೇ ತಾನೆ" ಎಂದು ಗೊಣಗುತ್ತ ಅಗಾತಾ ಮತ್ತೆ ತಿರುವಿದಳು.

ಬಲ್ಬಿನಾ ಎದ್ದು ತನ್ನ ಹೊಲಿಗೆಯ ಬುಟ್ಟಿಯ ತಳದಿಂದ ಒಂದು ಬಟ್ಟೆ ತೆಗೆದು ಮೈಗೆ ಹಿಡಿದು ತೋರಿಸಿದಳು. ಹಸಿರು ಉಣ್ಣೆಯ ಉಡುಪು, ಆಗ ತಾನೇ ಚಿಗುರಿದ ಬರ್ಚ್ ಎಲೆಯ ಹಸಿರು. ಕೊರಳಿಂದ ಅಂಚಿನವರೆಗೆ ಸಣ್ಣ ಸಣ್ಣ ಮಡಿಕೆ. ಯಾವಾಗ ಹೊಲಿದಳೋ, ಎಷ್ಟು ಬೆಳಗಿನ ಜಾವ ಎದ್ದು ಹೊಲಿದಳೋ. ಅವಳ ಮುಖದಲ್ಲಿ ಕಾನ್ವೆಂಟಿನ ದಿನಗಳ ಆ ತುಂಟತನ ಮತ್ತೆ ಕಂಡಿತು. ತೆಕ್ಲಾಳಿಗೆ ಸಂತೋಷವಾಗಬೇಕಿತ್ತು. ಆದರೆ ಅವಳ ಕಣ್ಣು ಗಿರಾಕಿಗಳು ಬರುವ ಬಾಗಿಲಿನತ್ತ ಹೋಯಿತು.

"ಅಂಗಡಿ ಗತಿ?" ಎಂದಳು.

"ನೀನಿದ್ದೀಯಲ್ಲ. ನಿನ್ನಷ್ಟು ಚೆನ್ನಾಗಿ ಕಪ್ಪು ಹಾಕೋರು ಯಾರಿದ್ದಾರೆ?"

"ಅವರು ನನ್ನ ಕಪ್ಪಿಗೆ ಬರ್ತಾರೇನೇ? ನಿನ್ನ ಕಪ್ಪಿಗೆ ಬರೋದು. ವೀರನ ಮದುಮಗಳು ಹಸಿರುಟ್ಟು ಬೀದಿಗಿಳಿದಳು ಅಂತ ಗೊತ್ತಾದ್ರೆ ಪೆತ್ರೊನೆಲಾ ಅಮ್ಮನವರು ಈ ಬಾಗಿಲಿಗೆ ಒಂದು ಕರ್ಚೀಫೂ ಬರದ ಹಾಗೆ ಮಾಡ್ತಾರೆ. ಆಮೇಲೆ ನಾನು ದೊಡ್ಡಮ್ಮನ ನಾಯಿ ಬಾಚೋಕೆ ಹೋಗಬೇಕು."

"ಹಾಗಾದ್ರೆ ನೀನು ನಾಯಿ ಬಾಚದೇ ಇರೋಕೆ ನಾನು ಸಾಯೋವರೆಗೂ ವಿಧವೆಯಾಗಿರಬೇಕಾ?"

ತೆಕ್ಲಾಳಿಗೆ ಹೌದು ಎನ್ನುವುದಕ್ಕೆ ನಾಚಿಕೆ, ಇಲ್ಲ ಎನ್ನುವುದಕ್ಕೆ ಭಯ. ಬಲ್ಬಿನಾ ಬಟ್ಟೆಯನ್ನು ಮಡಚಿಟ್ಟು, ಶಾಲೆಯ ಮೇಲ್ವಿಚಾರಕಿಯನ್ನು ಕಂಡು ಬರುತ್ತೇನೆಂದು ಹೊರಟುಹೋದಳು. ಅಗಾತಾ ನದಿಗೆ ಬಟ್ಟೆ ಜಾಲಿಸಲು ಇಳಿದಳು.

ಮನುಷ್ಯ ಕೆಟ್ಟ ಕೆಲಸ ಮಾಡುವಾಗ ಇದು ಕೆಟ್ಟದ್ದೆಂದು ಅವನಿಗೆ ಅನ್ನಿಸುವುದಿಲ್ಲ, ಆ ಗಳಿಗೆಯಲ್ಲಿ ಅದು ಒಳ್ಳೆಯ ಬುದ್ಧಿಯ ಹಾಗೆಯೇ ಕಾಣುತ್ತದೆ. ಬಟ್ಟೆ ಇಲ್ಲದಿದ್ದರೆ ಶಾಲೆ ಇಲ್ಲ. ಒಂದು ವರ್ಷ ತಡೆದರೆ ಅವಳ ಹುಚ್ಚೂ ಇಳಿಯುತ್ತದೆ. ಇದು ಅವಳ ಒಳ್ಳೆಯದಕ್ಕೇ. ಇಷ್ಟನ್ನು ತೆಕ್ಲಾ ಬಾಯಲ್ಲಿ ಹೇಳಿಕೊಳ್ಳುತ್ತಲೇ ಹಸಿರು ಉಡುಪನ್ನು ಬುಟ್ಟಿಯಿಂದೆತ್ತಿ ಹಂಡೆಗೆ ಇಳಿಸಿದಳು. ಮಾಚಿಕಾಯಿ, ಅನ್ನಭೇದಿ, ಕೆಂಪು ಮರದ ಚಕ್ಕೆಗಳ ಆ ಕುದಿಯುವ ಕಪ್ಪು ಪಾಕದಲ್ಲಿ ಬಟ್ಟೆ ಒಮ್ಮೆ ಉಬ್ಬಿ ಮೇಲೆ ಬಂತು. ಕೋಲಿನಿಂದ ಅದುಮಿದಳು. ಮತ್ತೆ ಬಂತು. ಮತ್ತೆ ಅದುಮಿದಳು.

ಬಣ್ಣದವರ ಮನೆಯ ಮೊದಲ ಪಾಠ ಒಂದುಂಟು: ಹೊಲಿದ ಬಟ್ಟೆಯನ್ನು ಹಾಗೇ ಅದ್ದಬಾರದು. ಉಣ್ಣೆ ಹಿಡಿದಷ್ಟು ಕಪ್ಪನ್ನು ಹತ್ತಿಯ ದಾರ ಹಿಡಿಯುವುದಿಲ್ಲ. ಮೊದಲು ಹೊಲಿಗೆ ಬಿಚ್ಚಬೇಕು, ತುಂಡುಗಳನ್ನು ಅದ್ದಬೇಕು, ಆರಿದ ಮೇಲೆ ಕಪ್ಪು ದಾರದಲ್ಲಿ ಮತ್ತೆ ಕೂಡಿಸಬೇಕು. ಇಡೀ ಊರಿನ ಬಟ್ಟೆ ಬಿಚ್ಚಿಸಿ ಅದ್ದಿದ ತೆಕ್ಲಾ ಆವತ್ತು ಅದನ್ನು ಮರೆತಳು. ಹಗ್ಗದ ಮೇಲೆ ಹರವಿ ನೋಡಿದಾಗ ಬಟ್ಟೆ ಕಾಗೆಯಂತೆ ಕಪ್ಪಾಗಿತ್ತು. ಅದರ ಮೇಲೆ ಕೊರಳಿಂದ ಅಂಚಿನವರೆಗೆ, ಪ್ರತಿ ಮಡಿಕೆಯ ಮೇಲೂ, ಬಲ್ಬಿನಾ ಹಾಕಿದ ಒಂದೊಂದು ಹೊಲಿಗೆಯೂ ಹಸಿರಾಗಿಯೇ ಉಳಿದಿತ್ತು.

ಬಲ್ಬಿನಾ ಬಂದಾಗ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹತ್ತಿರ ಹೋಗಿ ತೋಳಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ನೀನು ಹೊಡೆದಿದ್ರೂ ಇಷ್ಟು ನೋವಾಗ್ತಿರಲಿಲ್ಲ" ಎಂದಳು.

"ಬಲ್ಬಿನಾ, ನಾನು ಏನೋ ಯೋಚನೆ ಮಾಡದೆ..."

"ಸುಳ್ಳು ಹೇಳಬೇಡ. ಯೋಚನೆ ಮಾಡಿದ್ದೀಯ. ಹೊಲಿಗೆ ಬಿಚ್ಚೋದನ್ನ ಮಾತ್ರ ಮಾಡಿಲ್ಲ."

ಆಗ ತೆಕ್ಲಾ ಇನ್ನೊಂದು ತಪ್ಪು ಮಾಡಿದಳು. ತಾನು ಮಾಡಿದ್ದನ್ನು ಸರಿಪಡಿಸುವ ಆತುರದಲ್ಲಿ ಓಡಿಹೋಗಿ ತನ್ನ ಪೆಟ್ಟಿಗೆ ತೆರೆದಳು. ಹಾಸಿಗೆ ಬಟ್ಟೆಗಳ ಅಡಿಯಿಂದ ಅವಳು ತೆಗೆದದ್ದು ಚೆರಿ ಹಣ್ಣಿನ ಬಣ್ಣದ ಉಡುಪು. ಅಮ್ಮ ಬದುಕಿದ್ದಾಗ ಹೊಲಿಸಿಕೊಟ್ಟದ್ದು. ದೇಶಕ್ಕಾಗಿ ಎಲ್ಲರ ಬಟ್ಟೆಯನ್ನೂ ಕಪ್ಪು ಮಾಡಿದವಳು ಇದೊಂದನ್ನು ಯಾರಿಗೂ ಕಾಣದಂತೆ ಉಳಿಸಿಕೊಂಡಿದ್ದಳು. ಹಬ್ಬದ ದಿನ ಬಾಗಿಲು ಹಾಕಿಕೊಂಡು ಒಮ್ಮೆ ಮುಟ್ಟಿ ನೋಡುತ್ತಿದ್ದಳು, ಅಷ್ಟೆ.

"ಇದನ್ನ ತಗೋ. ನಿನ್ನ ಅಳತೆಗೆ ಮಾಡಿಕೊಡ್ತೀನಿ."

ಬಲ್ಬಿನಾ ಆ ಬಟ್ಟೆಯನ್ನೂ ಗೆಳತಿಯ ಮುಖವನ್ನೂ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಆಗಲೇ.

"ನಿಂದನ್ನ ಮುಚ್ಚಿಟ್ಕೊಂಡು ನಂದನ್ನ ಮುಳುಗಿಸಿದೆಯಲ್ಲೇ" ಎಂದಳು.

ತೆಕ್ಲಾ ಚೆರಿ ಬಣ್ಣದ ಬಟ್ಟೆಯನ್ನು ಎದೆಗವಚಿಕೊಂಡು ನಿಂತೇ ಇದ್ದಳು.

ಆ ಭಾನುವಾರ ವಿಕ್ತೋರಿನ್‌ನ ವರ್ಷದ ಪೂಜೆ. ಪೊಲೀಸರ ಕಣ್ಣಿಗೆ ಅದು ಯಾವುದೋ ಮನೆಯ ಯಾವುದೋ ಆತ್ಮಕ್ಕೆ ಸಲ್ಲುವ ಪೂಜೆ. ಪಾದ್ರಿ ಹೆಸರು ಹೇಳುತ್ತಿರಲಿಲ್ಲ, ಬಂದವರಿಗೆಲ್ಲ ಗೊತ್ತಿರುತ್ತಿತ್ತು. ಚರ್ಚಿನ ಮೆಟ್ಟಿಲ ಮೇಲೆ ಪೆತ್ರೊನೆಲಾ ಅಮ್ಮನವರು ಕಾಯುತ್ತಿದ್ದರು. ತೆಕ್ಲಾಳ ಹಿಂದೆ ಬಲ್ಬಿನಾ ಬಂದಳು, ಮುಸುಕಿಲ್ಲದೆ, ಆ ಕಪ್ಪು ಬಟ್ಟೆಯನ್ನೇ ಉಟ್ಟು. ಬೆಳಗಿನ ಬಿಸಿಲಿಗೆ ಹಸಿರು ಹೊಲಿಗೆಗಳು ಒಂದೊಂದೂ ಎದ್ದು ಕಾಣುತ್ತಿದ್ದವು. ಹೊಲಿಗೆ ಬಲ್ಲ ಹೆಂಗಸರ ಊರು ಅದು. ಆ ಬಟ್ಟೆ ಮೊದಲು ಏನಾಗಿತ್ತೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಿಸುಮಾತು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು.

ಪೆತ್ರೊನೆಲಾ ಅಮ್ಮನವರು ಇಬ್ಬರ ತೋಳನ್ನೂ ಹಿಡಿದು ಬಾಗಿಲ ಪಕ್ಕದ ಚಿಕ್ಕ ಕೋಣೆಗೆ ಎಳೆದುಕೊಂಡು ಹೋದರು.

"ಇದೇನು?" ಎಂದರು.

ಬಲ್ಬಿನಾ ತೆಕ್ಲಾಳತ್ತ ತಿರುಗಿದಳು. ನೀನೇ ಹೇಳು ಎಂಬ ಹಾಗೆ. ಗಿರಾಕಿಯ ಬಟ್ಟೆ, ಅದಲುಬದಲಾಯಿತು ಎಂದು ಒಂದು ಸುಳ್ಳು ಹೇಳಿಬಿಟ್ಟರೆ ಅಂಗಡಿ ಉಳಿಯುತ್ತಿತ್ತು. ಆ ಸುಳ್ಳು ತೆಕ್ಲಾಳ ನಾಲಗೆಯ ತುದಿಯಲ್ಲೇ ಇತ್ತು. ಹಸಿರು ದಾರದ ಮೇಲೆ ಕಣ್ಣು ಬಿತ್ತು, ಹೇಳಲಾಗಲಿಲ್ಲ.

"ಅವಳು ತನಗೆ ಅಂತ ಹೊಲಿದುಕೊಂಡದ್ದು ಅಮ್ಮ. ಕಪ್ಪು ಮಾಡಿದ್ದು ನಾನು. ಅವಳು ನಿಮ್ಮ ಸೊಸೆಯಲ್ಲ. ವಿಕ್ತೋರಿನ್ ಹೋಗೋ ಮುಂಚೆಯೇ ಉಂಗುರ ವಾಪಸ್ ಕೊಟ್ಟಿದ್ದಳು. ನಂಗೆ ಗೊತ್ತಿತ್ತು."

ಪೆತ್ರೊನೆಲಾ ಅಮ್ಮನವರು ಕುಸಿಯುತ್ತಾರೆ ಎಂದು ತೆಕ್ಲಾ ಅಂದುಕೊಂಡಿದ್ದಳು. ಅವರು ಕೊರಳಿನ ಕಪ್ಪು ಪಟ್ಟಿಯನ್ನು ಹೊರಗೆಳೆದರು. ತುದಿಯಲ್ಲಿ ಒಂದು ಚಿಕ್ಕ ಉಂಗುರ.

"ಅವನ ಕೋಟಿನ ಒಳಜೇಬಲ್ಲಿತ್ತು. ನಾನೇ ಕೊಂಡಿದ್ದ ಉಂಗುರ, ನಂಗೆ ಗುರುತು ಸಿಗಲ್ವಾ?" ಎಂದರು. "ಮೊದಲ ದಿನದಿಂದ್ಲೂ ಗೊತ್ತು ಕಣಮ್ಮ."

"ಗೊತ್ತಿದ್ದೂ ನನ್ನನ್ನ..." ಬಲ್ಬಿನಾ ಉಂಗುರದತ್ತ ಕೈ ತೋರಿಸಿದಳು.

"ಆ ವಸಂತದಲ್ಲಿ ಎಷ್ಟು ಜನ ಹುಡುಗರು ಸತ್ತರು, ಯಾರು ಯಾರ ಹೆಸರು ನೆನಪಿಟ್ಕೊಂಡಿದ್ದಾರೆ? ಮುದುಕಿ ತಾಯಿ ಅತ್ತರೆ ಅದು ಬರೀ ಮುದುಕಿ ಅಳು. ಪಕ್ಕದಲ್ಲಿ ಹರೆಯದ ಹುಡುಗಿ ಕಪ್ಪುಟ್ಟು ನಿಂತರೆ ಊರೆಲ್ಲ ಅಳುತ್ತೆ. ನನ್ನ ಮಗ ನೆನಪಲ್ಲಿರೋದು ನಿನ್ನಿಂದ. ಅಷ್ಟೂ ಮಾಡಬಾರದಿತ್ತಾ ನಾನು?"

ಅವರ ಮಾತಿನಲ್ಲಿ ತಪ್ಪಿತ್ತು. ಆದರೆ ಆ ಮುಖ ನೋಡಿದ ಯಾರೂ ಅವರನ್ನು ಬೈಯಲಾರರು. ಬಲ್ಬಿನಾ ಅವರ ಕೈ ಹಿಡಿದು ಮುತ್ತಿಟ್ಟಳು.

"ನಿಮ್ಮನ್ನ ನೋಡೋಕೆ ಬರ್ತೀನಿ ಅಮ್ಮ. ವಿಧವೆಯಾಗಿ ಬರಲ್ಲ."

"ಹಾಗಿದ್ರೆ ಬರಲೇಬೇಡ."

ಗಂಟೆ ಬಾರಿಸಿತು. ಹೊರಗೆ ಜನ ಕಾಯುತ್ತಿದ್ದರು. ಪೆತ್ರೊನೆಲಾ ಅಮ್ಮನವರು ಉಂಗುರವನ್ನು ಒಳಗೆ ಸೇರಿಸಿ, ಕಣ್ಣೊರೆಸಿ, ತೆಕ್ಲಾಳ ತೋಳಿಗೆ ತಮ್ಮ ತೋಳು ಕೊಟ್ಟರು. ಕಪ್ಪುಟ್ಟ ಹೆಣ್ಣೊಬ್ಬಳು ಪಕ್ಕದಲ್ಲಿರಬೇಕಿತ್ತು, ಹತ್ತಿರ ಇದ್ದವಳು ಇವಳು. "ನಡಿ" ಎಂದರು. ತೆಕ್ಲಾ ನಡೆದಳು. ಬಿಡಿಸಿಕೊಳ್ಳಬಹುದಿತ್ತು, ಬಿಡಿಸಿಕೊಳ್ಳಲಿಲ್ಲ. ಅಂಗಡಿ ಉಳಿಯಿತಲ್ಲ ಎಂದು ಮನಸ್ಸು ಅದಾಗಲೇ ಲೆಕ್ಕ ಹಾಕುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತು ತಿರುಗಿ ನೋಡುವಷ್ಟರಲ್ಲಿ ಬಲ್ಬಿನಾಳ ಹಿಂದೆ ಪಕ್ಕದ ಬಾಗಿಲು ಮುಚ್ಚಿಕೊಂಡಿತ್ತು.

ಬಲ್ಬಿನಾ ಅದೇ ದಿನ ಗಂಟು ಕಟ್ಟಿದಳು. ಹಸಿರು ಹೊಲಿಗೆಯ ಬಟ್ಟೆಯನ್ನು ಅಲ್ಲೇ ಬಿಟ್ಟು, ಯೂಲ್ಕಾಳ ಕಂದು ಚೌಕುಳಿ ಲಂಗ ಬೇಡಿ ಉಟ್ಟುಕೊಂಡು ಶಾಲೆಗೆ ಹೋದಳು. ಜಮೀನ್ದಾರರ ಮಗಳು ಒಗೆಯುವವಳ ಲಂಗದಲ್ಲಿ. "ನಿಮಗೆ ಇದು ನನಗಿಂತ ಚೆನ್ನಾಗಿ ಒಪ್ಪುತ್ತೆ ಅಕ್ಕಾವ್ರೇ" ಎಂದು ಯೂಲ್ಕಾ ಅಳುತ್ತಲೇ ನಗಿಸಿದಳು.

ಒಂದು ವರ್ಷ ಹೀಗೇ ಉರುಳಿತು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ವಾರ್ಸಾದಲ್ಲಿ ಅದಕ್ಕೆ ರೆಕ್ಕೆ ಇತ್ತು. ಬಲ್ಬಿನಾ ಕೈಬಿಟ್ಟವಳು, ತೆಕ್ಲಾ ವಿಕ್ತೋರಿನ್‌ನನ್ನು ಮನಸ್ಸಿನಲ್ಲೇ ಪ್ರೀತಿಸಿ ಬಾಯಿ ಬಿಡದೆ ಇದ್ದವಳು ಎಂದು ಹೆಂಗಸರು ತಾವೇ ಕಥೆ ಕಟ್ಟಿಕೊಂಡರು. ತೆಕ್ಲಾ ಅವನೊಡನೆ ಎರಡು ಮಾತಾಡಿದ್ದರೆ ಹೆಚ್ಚು. ಈಗ ಅವಳು ನಡೆದರೆ ಮುದುಕರು ಟೋಪಿ ತೆಗೆಯುತ್ತಿದ್ದರು. ನಕ್ಕರೆ ಜನ ತಿರುಗಿ ನೋಡುತ್ತಿದ್ದರು. ಸಂತೆಯಲ್ಲಿ ಒಂದು ಹಿಡಿ ಹೂ ಕೊಂಡರೂ ಅದು ಸಮಾಧಿಗೆ ಎಂದೇ ಲೆಕ್ಕ. ಯಾರೋ ಸತ್ತವನ ನೆರಳಿನಲ್ಲಿ ಬದುಕುವುದು ಎಂದರೇನೆಂದು ತಿಳಿಯಲು ಅವಳಿಗೆ ಒಂದು ತಿಂಗಳೂ ಬೇಕಾಗಲಿಲ್ಲ. ಬಲ್ಬಿನಾ ಇದನ್ನು ಮೂರು ವರ್ಷ ಹೊತ್ತಿದ್ದಳು, ಅದೂ ಇವಳಿಗಾಗಿ. ನೆನೆದಾಗಲೆಲ್ಲ ತೆಕ್ಲಾಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಹೇಸಿಗೆ ಪಟ್ಟುಕೊಂಡೇ ಬೆಳಿಗ್ಗೆ ಎದ್ದು ಹಂಡೆಗೆ ಬೆಂಕಿ ಹಾಕುತ್ತಿದ್ದಳು.

ಯೂಲ್ಕಾ ಆ ವರ್ಷ ಒಬ್ಬ ದೋಣಿಯವನನ್ನು ಮದುವೆಯಾಗಿ ಬಸುರಿಯಾದಳು. ಮತ್ತೆ ವಸಂತ ಬಂತು, ಮತ್ತೆ ವಿಕ್ತೋರಿನ್‌ನ ಪೂಜೆಯ ದಿನ ಬಂತು. ತೆಕ್ಲಾ ಮುಸುಕು ಸರಿಮಾಡಿಕೊಂಡು ಪೆತ್ರೊನೆಲಾ ಅಮ್ಮನವರ ಗಾಡಿಗೆ ಕಾಯುತ್ತಿದ್ದಾಗ ಹಿಂದಿನ ಕೋಣೆಯಿಂದ ಯೂಲ್ಕಾಳ ಚೀರಾಟ ಕೇಳಿತು. ಸ್ವಲ್ಪ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದ ಚೀಲ ಹಿಡಿದ ಹೆಂಗಸೊಬ್ಬಳು ಸರಸರನೆ ಒಳಗೆ ಬಂದಳು. ಕಂದು ಚೌಕುಳಿ ಲಂಗ. ಅಗಾತಾ ಯಾರನ್ನು ಕರೆಯಲು ಅಳಿಯನನ್ನು ಓಡಿಸಿದ್ದಳೆಂದು ತೆಕ್ಲಾಳಿಗೆ ಆಗ ತಿಳಿಯಿತು.

ಬಲ್ಬಿನಾ ಅವಳನ್ನು ದಾಟಿ ಹೋದಳು. ಒಳಗೆ ಹೋಗಿ ಮುಟ್ಟಿ ನೋಡಿ, ಬಾಗಿಲಿಗೆ ಬಂದು ತೋಳು ಮಡಚುತ್ತ ಹೇಳಿದಳು: "ಮಗು ಅಡ್ಡ ಮಲಗಿದೆ. ತಿರುಗಿಸಬೇಕು. ಒಬ್ಬಳ ಕೈಲಿ ಆಗಲ್ಲ, ಯಾರಾದ್ರೂ ಅವಳನ್ನ ಗಟ್ಟಿಯಾಗಿ ಹಿಡ್ಕೋಬೇಕು."

"ನನ್ನ ಕೈಲಾಗಲ್ಲ ತಾಯಿ, ಸ್ವಂತ ಮಗಳು" ಎಂದು ಅಗಾತಾ ಅತ್ತಳು. ದೋಣಿಯವನು ಆಗಲೇ ಬೀದಿಯ ತುದಿಯಲ್ಲಿ ತಲೆ ಹಿಡಿದು ಕೂತಿದ್ದ.

ತೆಕ್ಲಾ ಒಂದು ಹೆಜ್ಜೆ ಮುಂದಿಟ್ಟಳು. ಬಲ್ಬಿನಾ ಹೊಸ್ತಿಲಿಗೆ ಅಡ್ಡ ಕೈ ಚಾಚಿದಳು.

"ಕಪ್ಪುಟ್ಟವರು ಒಳಗೆ ಬರಬಾರದು."

ಅವಳ ಮಾತಿನಲ್ಲಿ ಸೇಡಿರಲಿಲ್ಲ. ಒಳಗೆ ಯೂಲ್ಕಾ ಕಪ್ಪು ಬಟ್ಟೆಯನ್ನು ಕಂಡು ಗಾಬರಿಯಿಂದ ಗೋಡೆಯ ಕಡೆ ಸರಿದಿದ್ದಳು. ಬೀದಿಯಲ್ಲಿ ಗಾಡಿಯ ಸದ್ದು ಹತ್ತಿರವಾಗುತ್ತಿತ್ತು. ತೆಕ್ಲಾ ಓಡಿಹೋಗಿ ತನ್ನ ಪೆಟ್ಟಿಗೆಯ ಮುಚ್ಚಳ ಎತ್ತಿದಳು.

ಪೆತ್ರೊನೆಲಾ ಅಮ್ಮನವರು ಅಂಗಡಿಗೆ ಕಾಲಿಟ್ಟಾಗ ತೆಕ್ಲಾ ಕೋಣೆಯಿಂದ ಪಾತ್ರೆ ಹಿಡಿದು ಹೊರಬರುತ್ತಿದ್ದಳು. ಚೆರಿ ಬಣ್ಣದ ಉಡುಪು, ಮೇಲಕ್ಕೆ ಸುತ್ತಿದ ತೋಳುಗಳು, ಮುಂಭಾಗವೆಲ್ಲ ಒದ್ದೆ. ಹೊರಗೆ ಗಾಡಿಯಲ್ಲಿದ್ದ ಹೆಂಗಸರು ಕತ್ತು ಚಾಚಿ ನೋಡಿದರು.

"ಏನೇ ಇದು ವೇಷ? ಪೂಜೆಗೆ ಹೊತ್ತಾಯ್ತು."

"ಒಳಗೆ ಹೆರಿಗೆ ಅಮ್ಮ. ಅಗಾತಾನ ಮಗಳದು. ಕಷ್ಟವಾಗಿದೆ."

"ಬಟ್ಟೆ ಒಗೆಯೋಳ ಮಗಳಿಗೋಸ್ಕರ ನನ್ನ ಮಗನ ಪೂಜೆ ಬಿಡ್ತೀಯಾ?"

ದೊಡ್ಡಮ್ಮನ ಬಂಗಲೆ, ಮೇಜಿನ ತುದಿಯ ಕುರ್ಚಿ, ನಾಯಿಯ ಕೂದಲು ಎಲ್ಲ ತೆಕ್ಲಾಳ ಕಣ್ಣ ಮುಂದೆ ಬಂದವು. ಅವಳಿಗೆ ಹೆದರಿಕೆಯಾಯಿತು.

"ಬಿಡ್ತೀನಿ" ಎಂದಳು.

ಮುದುಕಿಯ ಯಜಮಾನಿಕೆಯೆಲ್ಲ ಇಳಿದುಹೋಗಿ, ಸಣ್ಣ ದನಿಯಲ್ಲಿ ಕೇಳಿದರು: "ಅಲ್ಲಿ ನಾನೊಬ್ಬಳೇ ನಿಲ್ಲಬೇಕಾ?"

"ಅವನು ನಿಮ್ಮ ಮಗ ಅಮ್ಮ. ನೀವೊಬ್ಬರೇ ನಿಂತರೂ ನಿಮ್ಮ ಮಗನೇ."

ಅವರು ಅವಳ ಬಟ್ಟೆಯನ್ನು ಇನ್ನೊಮ್ಮೆ ನೋಡಿದರು. ತಿರುಗಿ ಹೋದರು. ಗಾಡಿ ಬೀದಿಯ ಏರು ಹತ್ತುವ ಸದ್ದು ಕೇಳುತ್ತಿದ್ದಂತೆಯೇ ತೆಕ್ಲಾ ಬಿಸಿನೀರು ತುಂಬಿಕೊಂಡು ಒಳಗೆ ಓಡಿದಳು.

ಯೂಲ್ಕಾಳ ಭುಜ ಹಿಡಿದು ಅವಳು ಎಷ್ಟು ಹೊತ್ತು ಕೂತಳೋ. ಯೂಲ್ಕಾ ಅವಳ ತೋಳಿಗೆ ಉಗುರು ನೆಟ್ಟಳು, ಬಾಯಿಗೆ ಬಂದಂತೆ ಬೈದಳು, ದೋಣಿಯವನ ಏಳು ತಲೆಮಾರನ್ನೂ ಬಿಡಲಿಲ್ಲ. ಬಲ್ಬಿನಾ "ಹಾಗೇ ಹಿಡ್ಕೋ", "ಬಿಡಬೇಡ", "ಈಗ ಬಿಡು" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಅವಳ ಕೈಗಳು ಎಷ್ಟು ಖಚಿತವಾಗಿದ್ದವೆಂದರೆ, ಈ ಕೈಗಳನ್ನು ತಾನು ಕಪ್ಪು ಕರ್ಚೀಫುಗಳ ಅಂಚು ಹೊಲಿಯಲು ಕಟ್ಟಿಹಾಕಿದ್ದೆನಲ್ಲ ಎಂದು ತೆಕ್ಲಾಳಿಗೆ ಅನ್ನಿಸಿತು. ಕೊನೆಗೆ ಮಗು ಬಂತು, ನೀಲಿಗಟ್ಟಿ, ಸದ್ದಿಲ್ಲದೆ. ಅಗಾತಾ ಶಿಲುಬೆಯ ಗುರುತು ಮಾಡಿಕೊಂಡಳು. ಬಲ್ಬಿನಾ ಅದರ ಬಾಯಿ ಒರೆಸಿ, ಬೆನ್ನು ತಿಕ್ಕಿ, ಕಾಲು ಹಿಡಿದು ತಲೆಕೆಳಗೆ ಮಾಡಿ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಆಗ ಅದು ಅತ್ತಿತು.

"ಹೆಣ್ಣು" ಎಂದಳು ಬಲ್ಬಿನಾ. "ಸಿಟ್ಟು ನೋಡು ಇದರದ್ದು!"

ಯೂಲ್ಕಾ ನಿದ್ದೆಹೋದ ಮೇಲೆ ಬಲ್ಬಿನಾ ಮೊದಲ ಸಲ ತೆಕ್ಲಾಳನ್ನು ಸರಿಯಾಗಿ ನೋಡಿದಳು. ಚೆರಿ ಬಣ್ಣದ ಮೇಲೆ ರಕ್ತದ ಕಲೆ ಮಂಡಿಯವರೆಗೆ ಹರಡಿತ್ತು.

"ಹಾಳಾಯ್ತಲ್ಲೇ ನಿನ್ನ ಬಟ್ಟೆ. ಕಲೆ ಹೋಗುತ್ತಾ?"

"ಹೋಗಲ್ಲ. ಕಪ್ಪು ಹಾಕಿದ್ರೆ ಮುಚ್ಚುತ್ತೆ."

"ಹಾಕ್ತೀಯಾ?"

"ಇಲ್ಲ."

ಬಲ್ಬಿನಾ ಕೈ ತೊಳೆದುಕೊಂಡಳು. "ಗಾಡಿಯಲ್ಲಿದ್ದವರೆಲ್ಲ ನೋಡಿದ್ರು. ನಾಳೆಯಿಂದ ಅಂಗಡಿಗೆ ಯಾರೂ ಬರಲ್ಲ."

"ಗೊತ್ತು."

"ನಾನಿನ್ನೂ ನಿನ್ನ ಕ್ಷಮಿಸಿಲ್ಲ ಕಣೇ."

"ಅದೂ ಗೊತ್ತು."

ಬಲ್ಬಿನಾ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿ ಅವಳ ಕಡೆ ಚಾಚಿದಳು. ತೆಕ್ಲಾ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಉಡುಪು ಬದಲಾಯಿಸಬಹುದು, ಮೊಣಕೈವರೆಗಿನ ಕಪ್ಪನ್ನು ಬದಲಾಯಿಸುವುದು ಹೇಗೆ? ಇಷ್ಟು ಹೊತ್ತು ಅದು ನೆನಪೇ ಆಗಿರಲಿಲ್ಲ.

"ನನ್ನ ಕೈ ಕಪ್ಪು..." ಎಂದಳು.

"ಅದು ಸೂತಕದ್ದಲ್ಲ, ದುಡಿದದ್ದು" ಎಂದಳು ಬಲ್ಬಿನಾ. "ಹಿಡ್ಕೋ, ನಂಗೆ ಚೀಲ ಕಟ್ಟಬೇಕು. ಇನ್ನೊಂದು ಹೆರಿಗೆಗೆ ಕರೆ ಬಂದಿದೆ. ಅಲ್ಲೂ ಹಿಡಿಯೋಕೆ ಯಾರೂ ಇಲ್ಲ. ಬರೋದಾದ್ರೆ ಬೇಗ ಮುಖ ತೊಳ್ಕೋ."

ತೆಕ್ಲಾ ಕೈ ಚಾಚಿದಳು. ಮಗು ಬೆಚ್ಚಗಿತ್ತು, ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಹಂಡೆಯ ಕೆಳಗಿನ ಬೆಂಕಿ ಆರಿಹೋಗಿರುವುದನ್ನು ಅವಳು ಬಾಗಿಲಿನಿಂದ ನೋಡಿದಳು, ಹೊತ್ತಿಸಲು ಹೋಗಲಿಲ್ಲ.